ಒಡ್ಡಿನ ಕೆಳಗಿನ ನೀರು

ಸಾಹೇಬರು ಕೂತ್ಕೊಳ್ಳಿ ಅಂದಾಗಲೇ ಅವನಿಗೆ ಗೊತ್ತಾಗಬೇಕಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಈ ಕೋಣೆಗೆ ನಾಲ್ವರು ಸಾಹೇಬರು ಬಂದು ಹೋಗಿದ್ದರು, ಮೇಜು ಬದಲಾಗಿತ್ತು, ಗೋಡೆಗೆ ಎರಡು ಸಲ ಬಣ್ಣ ಬಳಿದಿದ್ದರು, ಆದರೆ ಮೇಜಿನ ಈಚೆಗಿದ್ದ ಕುರ್ಚಿಯನ್ನು ನದಿ ನೀರು ಅಳೆಯುವವನಿಗೆಂದು ಯಾರೂ ಎಳೆದು ಕೊಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಹತ್ತೂವರೆಗೆ, ಅವನಿಗಿಂತ ಹದಿನೈದು ವರ್ಷ ಚಿಕ್ಕವರಾದ ಈ ಸಾಹೇಬರು ಎದ್ದು ನಿಂತು, ಕುರ್ಚಿಯ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿ ಕೆಳಗಿಟ್ಟು, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಏನು ಸಂಕೋಚ" ಅಂದರು. ಅವನು ಅರ್ಧ ಕುರ್ಚಿಯಲ್ಲಿ ಕೂತ. ಟೈಪು ಮಾಡಿದ ಒಂದು ಹಾಳೆ ಅವನ ಕಡೆ ತಿರುಗಿಕೊಂಡು ಬಂತು. ಪ್ರವಾಹ ಇಳಿದ ನಂತರವೂ ನದಿಯಲ್ಲಿ ಕರಗಿದ ಆಮ್ಲಜನಕದ ಪ್ರಮಾಣ ಸಹಜವಾಗಿದೆ. ಬಲೆಗೂಡುಗಳಲ್ಲಿ ಮೀನು ಸತ್ತಿರುವುದಕ್ಕೆ ಸಾಕಣೆದಾರನು ಅತಿಯಾಗಿ ಮೇವು ಹಾಕಿದ್ದೇ ಕಾರಣ. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಅವನ ಹುದ್ದೆಯ ಹೆಸರು. ಸಾಕಣೆದಾರ ಅಂದರೆ ಅವನ ತಂಗಿಯ ಗಂಡ. ಸಾಹೇಬರಿಗೆ ಅದು ಗೊತ್ತಿರಲಿಲ್ಲ, ಅವನೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತೆ ಅನ್ನುವ ಹಾಗೆ ಅದರ ಅಂಚನ್ನು ಹಿಡಿದುಕೊಂಡು, "ಸಾರ್, ಒಡ್ಡಿನ ಮೇಲ್ಗಡೆ ಒಂದು ಸಲ ನೀರು ತೆಗೆದು ನೋಡಿದ್ರೆ..." ಅಂದ.

"ಮೇಲ್ಗಡೆ ನಮ್ಮ ಜಾಗ ಇಲ್ವಲ್ಲ" ಅಂದರು ಸಾಹೇಬರು, ಬಹಳ ಮೃದುವಾಗಿ. "ನಮ್ಮದು ಒಡ್ಡಿನ ಕೆಳಗೆ. ಗ್ರಾಫಿನಲ್ಲಿ ಹತ್ತೊಂಬತ್ತು ವರ್ಷದ್ದು ಒಂದೇ ಗೆರೆ ಇದೆ ಕಣ್ರೀ, ಎಷ್ಟು ಚೆನ್ನಾಗಿದೆ ನೋಡಿ. ಜಾಗ ಬದಲಾಯಿಸಿದ್ರೆ ಗೆರೆ ಕೆಡುತ್ತೆ." ಆಮೇಲೆ ಫೈಲಿನ ಹೊಟ್ಟೆಯೊಳಗಿಂದ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾಗದ ಎಳೆದು ತೋರಿಸಿ, ನಕ್ಕು, "ಅಷ್ಟಕ್ಕೂ ಜಾಗ ಕೆಳಗೆ ತರಿಸಿದ್ದು ನೀವೇ ಅಲ್ವಾ?" ಅಂದರು. ಅವನದೇ ಅಕ್ಷರ. ಆಗ ಎಷ್ಟು ದುಂಡಗೆ ಬರೆಯುತ್ತಿದ್ದ. 'ಒಡ್ಡಿನ ಮೇಲಿನ ದಡದ ಕಲ್ಲುಗಳು ಜಾರುತ್ತಿರುವುದರಿಂದ, ಒಡ್ಡಿನ ಕೆಳಗೆ ಮೆಟ್ಟಿಲುಗಳಿರುವ ಕಡೆ ಮಾದರಿ ತೆಗೆಯಲು ಅನುಮತಿ ಕೋರುತ್ತೇನೆ.' ಅವನ ಕಿವಿಯ ತುದಿ ಬಿಸಿಯಾಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಅವನು ಸಹಿ ಹಾಕಿದ. ಪೆನ್ನು ವಾಪಸು ಕೊಡುವಾಗ "ಥ್ಯಾಂಕ್ಯೂ ಸಾರ್" ಅಂತ ಬೇರೆ ಅಂದ. ಯಾತಕ್ಕೆ ಅಂದೆ? ಯಾವುದಕ್ಕೆ? ಕುರ್ಚಿಗಾ?

ಪ್ರಯೋಗಾಲಯದ ಸಿಂಕಿನಲ್ಲಿ ಸೀಸೆಗಳನ್ನು ತೊಳೆಯುತ್ತಿದ್ದಾಗ ಆ ಥ್ಯಾಂಕ್ಯೂ ಮತ್ತೆ ಮತ್ತೆ ನೆನಪಾಗುತ್ತಿತ್ತು. ಒಂದೊಂದು ಸೀಸೆಗೂ ಅದರದೇ ಗಾಜಿನ ಬಿರಡೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಬಿರಡೆಯನ್ನೂ ಒಡೆದಿರಲಿಲ್ಲ ಎಂಬುದು ಅವನ ಹೆಮ್ಮೆ. ಇವತ್ತು ಒಂದನ್ನು ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಿತು. ಸಾಹೇಬರ ಮೇಲೆ ಕೋಪ ಅಂದುಕೊಂಡ. ಆ ಮೃದು ದನಿಯ ಮೇಲೆ, ಆ ಗೆರೆಯ ಮೇಲೆ, ಒಂದು ದಿನವೂ ನೀರಿಗೆ ಕಾಲಿಡದೆ ನದಿ ಸಹಜವಾಗಿದೆ ಅಂತ ಬರೆಸುವ ಆ ಶುಭ್ರ ಕೈಗಳ ಮೇಲೆ. ಆದರೆ ಕೋಪ ಅಲ್ಲಿ ನಿಲ್ಲುತ್ತಿರಲಿಲ್ಲ. ಸಾಹೇಬರನ್ನು ಹಾದು, ಹಳದಿ ಕಾಗದದ ಮೇಲಿನ ದುಂಡು ಅಕ್ಷರಗಳ ಮೇಲೆ ಹೋಗಿ ಕೂರುತ್ತಿತ್ತು. ಕಲ್ಲು ಜಾರುತ್ತಿತ್ತು ನಿಜ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಹೊಸ ಬೂಟು ಹಾಕಿಕೊಂಡು ಒಡ್ಡಿನ ಮೇಲಿನ ದಡದಲ್ಲಿ ಸೀಸೆ ಹಿಡಿದು ಬಗ್ಗಿದವನು ಹಾಗೇ ಸೊಂಟದವರೆಗೆ ನೀರಿಗೆ ಜಾರಿದ್ದ. ಬಲೆ ಒಣಗಿಸುತ್ತಿದ್ದ ಹತ್ತು ಹದಿನೈದು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಬಾಟ್ಲಿ ಸಾಹೇಬ್ರು ಮುಳುಗಿದ್ರು, ಬಾಟ್ಲಿ ಮಾತ್ರ ತೇಲ್ತಾ ಇದೆ!" ಅಂತ ಯಾರೋ ಕೂಗಿದ್ದ. ಆ ಹೆಸರು ಅವತ್ತು ಅಂಟಿಕೊಂಡದ್ದು ಇವತ್ತಿಗೂ ಬಿಟ್ಟಿಲ್ಲ. ಕೈ ಕೊಟ್ಟು ಮೇಲಕ್ಕೆಳೆದದ್ದು ನಗದೆ ನಿಂತಿದ್ದ ಒಬ್ಬನೇ ಒಬ್ಬ, ಮುಂದೆ ತಂಗಿಯನ್ನು ಮದುವೆಯಾದವನು. ಅರ್ಜಿಯಲ್ಲಿ ಕಲ್ಲು ಜಾರುತ್ತದೆ ಅಂತ ಬರೆದ. ಜನ ನಗುತ್ತಾರೆ ಅಂತ ಬರೆಯಲಿಲ್ಲ.

ಒಡ್ಡಿನ ಕೆಳಗೆ ಮೆಟ್ಟಿಲಿತ್ತು, ಹಿಡಿದುಕೊಳ್ಳಲು ಕಬ್ಬಿಣದ ಸರಳಿತ್ತು, ನಗುವವರಿರಲಿಲ್ಲ. ನೀರು ಒಡ್ಡಿನಿಂದ ಆಳೆತ್ತರ ಕೆಳಗೆ ಧುಮುಕಿ ನೊರೆ ಎದ್ದು, ಗಾಳಿಯನ್ನು ಬಾಚಿ ಬಾಚಿ ತುಂಬಿಕೊಳ್ಳುತ್ತಿತ್ತು. ಅಲ್ಲಿ ಯಾವಾಗ ಅಳೆದರೂ ಆಮ್ಲಜನಕ ಆರು, ಆರೂವರೆ, ಏಳು. ತರಬೇತಿಯಲ್ಲಿ ಮೇಷ್ಟ್ರು ಹೇಳಿದ್ದು ಅವನಿಗೆ ಮರೆತಿರಲಿಲ್ಲ. "ನೆರೆ ಬಂದಾಗ ಎಲ್ಲರೂ ಓಡ್ತಾರೆ. ನೆರೆ ಇಳಿದು ಎರಡನೇ ವಾರ ನೀವು ಓಡ್ಬೇಕು ಕಣ್ರಪ್ಪಾ, ಸೀಸೆ ಹಿಡ್ಕೊಂಡು. ಕಾಡಿಗೆ, ಹೊಲಕ್ಕೆ ನುಗ್ಗಿದ ನೀರು ಸುಮ್ನೆ ವಾಪಸು ಬರಲ್ಲ. ಉದುರಿದ ಎಲೆ, ಹುಲ್ಲು, ಕೂಳೆ ಎಲ್ಲ ನೆನೆಸಿ, ಅದರ ರಸ ಹೊತ್ಕೊಂಡು ಬರುತ್ತೆ. ಅದು ಕೊಳೀವಾಗ ನೀರಲ್ಲಿರೋ ಉಸಿರನ್ನ ಕುಡಿದುಬಿಡುತ್ತೆ." ಈ ಸಲ ನೆರೆ ಒಂಬತ್ತು ದಿನ ನಿಂತಿತ್ತು. ಇಳಿದು ಹದಿನಾಲ್ಕು ದಿನ. ಐದು ದಿನದ ಹಿಂದೆ ತಂಗಿಯ ಗಂಡ ಫೋನು ಮಾಡಿ, ಫೋನಿನಲ್ಲೂ ತಲೆ ತಗ್ಗಿಸಿ ಮಾತಾಡುವ ತನ್ನ ರೀತಿಯಲ್ಲಿ, "ಭಾವ, ನೀರು ಹಾಲು ಹಾಕದ ಚಹಾದ ಥರಾ ಆಗಿದೆ. ಏನೋ ವಾಸನೆ ಬೇರೆ. ಗೂಡುಗಳನ್ನ ಬಿಚ್ಚಿ ಪಕ್ಕದ ಹಳ್ಳಕ್ಕೆ ಎಳ್ಕೊಂಡು ಹೋಗ್ಲಾ, ಏನು ಮಾಡ್ಲಿ?" ಅಂತ ಕೇಳಿದ್ದ. ಇವನು ಕಾಲ ಮೇಲೆ ಕಾಲು ಹಾಕಿಕೊಂಡು, "ಬಣ್ಣಕ್ಕೆಲ್ಲ ಹೆದರ್ತಾರೇನಯ್ಯಾ? ಇವತ್ತೇ ಅಳೆದಿದೀನಿ, ಆರು ಪಾಯಿಂಟ್ ಎರಡು. ನಮ್ಮ ಮೆಟ್ಟಿಲ ಹತ್ರ ಮೀನು ಜಾತ್ರೆ ಸೇರಿದ ಹಾಗೆ ಸೇರಿವೆ, ಕುಣೀತಾ ಇವೆ" ಅಂದಿದ್ದ. ಹೇಳುವಾಗ ಎಷ್ಟು ಹಿತವಾಗಿತ್ತು. ಯಾರೋ ತನ್ನನ್ನು ಕೇಳಿ ಒಂದು ಕೆಲಸ ಮಾಡುತ್ತಾರೆ ಎಂಬ ಹಿತ. ಮೊನ್ನೆ ಬೆಳಿಗ್ಗೆ ನಾಲ್ಕು ಗೂಡುಗಳಲ್ಲಿ ಮೂರು ಬೆಳ್ಳಗಾಗಿದ್ದವು, ಹೊಟ್ಟೆ ಮೇಲಾಗಿ.

ಮೀನು ಕುಣಿಯುತ್ತಿರಲಿಲ್ಲ. ಅದು ಅವನಿಗೆ ನಿನ್ನೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಯಾರೋ ಕಿಟಕಿಗೆ ಮೂಗು ಒತ್ತಿಕೊಂಡಿದ್ದನ್ನು ನೋಡಿ, ಒಮ್ಮೆಲೇ ಗೊತ್ತಾಗಿತ್ತು. ಇಡೀ ನದಿಯಲ್ಲಿ ಉಸಿರಿದ್ದ ಒಂದೇ ಒಂದು ಮೊಳ ನೀರಿಗೆ ಅವು ಓಡಿ ಬಂದಿದ್ದವು. ಅದನ್ನು ನೋಡಿ ಇವನು ಖುಷಿಪಟ್ಟಿದ್ದ. ನಿನ್ನೆಯಿಂದ ಗೊತ್ತಿದ್ದೂ ಇವತ್ತು ಬೆಳಿಗ್ಗೆ ಸಹಿ ಹಾಕಿದ್ದ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ತಂಗಿ. "ಅಣ್ಣ, ಕೆಲಸದಲ್ಲಿದೀಯಾ?" ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಅದಕ್ಕೇ ಭಯವಾಯಿತು. "ಅವರು ನಿನ್ನೆಯಿಂದ ಊಟಾನೇ ಮಾಡಿಲ್ಲ. ನಾನೇ ಕೊಂದೆ, ಮೇವು ಹಾಕೋ ಕೈ ಜಾಸ್ತಿ ಆಯ್ತು ಅಂತ ಅದನ್ನೇ ಹೇಳ್ಕೊಂಡು ಕೂತಿದಾರೆ. ನಿಮ್ಮ ಆಫೀಸಿಂದ ಬಂದಿದ್ದೋರೂ ಹಾಗೇ ಅಂದ್ರಂತೆ. ಇನ್ನೊಂದು ಗೂಡು ಉಳ್ಕೊಂಡಿದೆಯಲ್ಲ, ಅದ್ರಲ್ಲಿ ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ. ಏನು ಮಾಡೋದು ಅಂತ ನಿನ್ನ ಕೇಳೋಕೆ ಅವರಿಗೆ ನಾಚ್ಕೆ. ನಿನ್ನ ಹೆಸರು ಕೆಡಿಸ್ದೆ ಅಂತೆ." ಚಿಕ್ಕಂದಿನಲ್ಲಿ ಅಮ್ಮ ಇಬ್ಬರನ್ನೂ ಬೆಳಿಗ್ಗೆ ಎಬ್ಬಿಸಿ ಪದ್ಯ ಹೇಳಿಸುತ್ತಿದ್ದಳು. ಉದ್ದನೆಯ ಸಾಲನ್ನು ತಂಗಿ ಒಂದೇ ಉಸಿರಿನಲ್ಲಿ ದಡ ಮುಟ್ಟಿಸುತ್ತಿದ್ದಳು, ಇವನು ನಡುವೆ ಯಾರಿಗೂ ಕಾಣದ ಹಾಗೆ ಒಂದು ಗುಟುಕು ಗಾಳಿ ಎಳೆದುಕೊಳ್ಳುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡೇ, "ಉಸಿರು ಕದೀಬೇಡ ಮಗಾ" ಅನ್ನುತ್ತಿದ್ದಳು. ಈಗ ಫೋನಿನಲ್ಲಿ "ಬರ್ತೀನಿ ಪುಟ್ಟಿ" ಅಂದ. ಎರಡು ಸೀಸೆ, ಎರಡು ದ್ರಾವಣದ ಡಬ್ಬಿ, ರಿಜಿಸ್ಟರು ಚೀಲಕ್ಕೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ಗುಮಾಸ್ತ, "ಏನ್ರೀ, ಇವತ್ತು ಇಷ್ಟು ಬೇಗ? ಕುರ್ಚಿ ಸಿಕ್ತಂತೆ?" ಅಂತ ಕಣ್ಣು ಹೊಡೆದ. ಇಷ್ಟು ಬೇಗ ಸುದ್ದಿಯಾಗಿತ್ತು. "ನೀನೇ ಹೋಗಿ ಕೂತ್ಕೋ" ಅಂದ. ಗುಮಾಸ್ತನ ನಗು ಮುಖದಲ್ಲೇ ನಿಂತುಬಿಟ್ಟಿತು.

ಒಡ್ಡಿನ ಕೆಳಗೆ ಅವನ ಫಲಕ ನಿಂತಿತ್ತು. 'ಮಾದರಿ ಸಂಗ್ರಹಣಾ ಸ್ಥಳ. ಇಲ್ಲಿ ಬಲೆ ಬೀಸುವುದು, ಬಟ್ಟೆ ಒಗೆಯುವುದು, ಈಜುವುದು ನಿಷೇಧಿಸಲಾಗಿದೆ.' ಎಂಟು ವರ್ಷದ ಹಿಂದೆ ಅವನೇ ಮೂರು ಅರ್ಜಿ ಬರೆದು, ಮುಂದೆ ನಿಂತು ಗುಂಡಿ ತೋಡಿಸಿ, ಸಿಮೆಂಟು ಹಾಕಿಸಿ ನೆಡಿಸಿದ್ದು. ನೆರೆ ಬಂದು ಅರ್ಧ ಮುಳುಗಿಸಿದ್ದರೂ ಕಂಬ ಅಲ್ಲಾಡಿರಲಿಲ್ಲ. ಮೆಟ್ಟಿಲಿಳಿದು ನೋಡಿದ. ನೊರೆಯ ಅಂಚಿನಲ್ಲಿ ಮೀನುಗಳು ಒಂದರ ಮೇಲೊಂದು ಬಿದ್ದು, ಸಣ್ಣವು ದೊಡ್ಡವು ಅಂತಿಲ್ಲದೆ, ತಿನ್ನುವವು ತಿನ್ನಿಸಿಕೊಳ್ಳುವವು ಅಂತಿಲ್ಲದೆ, ಮೈಗೆ ಮೈ ಉಜ್ಜಿಕೊಂಡು ನಿಂತಿದ್ದವು. ಸೀಸೆಯನ್ನು ನೀರಿನೊಳಗೇ ತುಂಬಿ, ಒಂದೇ ಒಂದು ಗುಳ್ಳೆಯೂ ಉಳಿಯದ ಹಾಗೆ ಒಳಗೇ ಬಿರಡೆ ಹಾಕಿ, ಮೇಲೆ ತಂದು ಮೊದಲನೆಯ ದ್ರಾವಣ, ಆಮೇಲೆ ಎರಡನೆಯದು ಬಿಟ್ಟು, ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಳಗೆ ಗಸಿ ಕಟ್ಟಿತು, ಒಣಗಿದ ಎಲೆಯ ಕಂದು. ಉಸಿರಿರುವ ನೀರಿನ ಬಣ್ಣ. ಹತ್ತೊಂಬತ್ತು ವರ್ಷ ಅವನು ಈ ಕಂದನ್ನು ನೋಡಿ ನೆಮ್ಮದಿಯಿಂದ ಮನೆಗೆ ಹೋಗಿದ್ದ.

ಅಲ್ಲಿಂದ ದಂಡೆಯ ಮೇಲೆ ನಾನೂರು ಹೆಜ್ಜೆ. ಎಷ್ಟು ಅಂತ ಅವನು ಇವತ್ತೇ ಎಣಿಸಿದ್ದು. ವಾಸನೆ ಮೊದಲು ಬಂತು, ಆಮೇಲೆ ನೊಣ, ಆಮೇಲೆ ದಡಕ್ಕೆ ಎಳೆದು ಹಾಕಿದ್ದ ಮೂರು ಬಲೆಗಳ ರಾಶಿ. ನೀರು ನಿಂತಂತೆ ಹರಿಯುತ್ತಿತ್ತು, ಕಪ್ಪಗೆ, ಹೊಳಪಾಗಿ, ನೋಡಲು ಚೆಂದವೇ. ದೋಣಿಯ ತಳಕ್ಕೆ ಟಾರು ಬಳಿಯುತ್ತಿದ್ದ ಪಕ್ಕದ ಮನೆಯವನು ತಲೆ ಎತ್ತಿ, "ಓಹೋ, ಬಾಟ್ಲಿ ಸಾಹೇಬ್ರು! ಸತ್ತ ಮೇಲೆ ನಾಡಿ ನೋಡೋಕೆ ಬಂದ್ರಾ?" ಅಂದ.

"ಸುಮ್ನಿರೋ" ಅಂದ ತಂಗಿಯ ಗಂಡ. ಅವನು ಕಲ್ಲಿನ ಮೇಲೆ ಕೂತಿದ್ದವನು ಎದ್ದು ನಿಂತಿದ್ದ, ಮಡಿಚಿದ ಪಂಚೆ ಇಳಿಬಿಡುತ್ತಾ. "ನಮ್ಮ ಭಾವನ್ನ ಏನೂ ಅನ್ಬೇಡ. ಅವರು ಅಳೆದೇ ಹೇಳಿದ್ದು, ನೀರಿಂದು ಏನೂ ತಪ್ಪಿಲ್ಲ. ನಂದೇ ಕೈ ಜಾಸ್ತಿ ಆಯ್ತು. ಬನ್ನಿ ಭಾವ, ನೆರಳಿಗೆ ಬನ್ನಿ. ಪುಟ್ಟಿ, ಭಾವನಿಗೆ ನೀರು ಕೊಡು."

ನೀರು ಕೊಡು. ಅವನ ಮೈಯೆಲ್ಲ ಹತ್ತಿ ಉರಿಯಿತು. ಬೈಯಬಾರದೇ ಈ ಮನುಷ್ಯ? ಕೊರಳಪಟ್ಟಿ ಹಿಡಿದು ಎರಡು ಬಿಡಬಾರದೇ? ಇಷ್ಟು ವರ್ಷದಿಂದ ಈ ಬನ್ನಿ, ಹೋಗಿ, ಭಾವ. ಮದುವೆಯ ದಿನ ಕಾಲು ಮುಟ್ಟಲು ಬಗ್ಗಿದ ಬೆನ್ನು ಇನ್ನೂ ಪೂರ್ತಿ ನೆಟ್ಟಗಾಗಿಯೇ ಇಲ್ಲ. ಈ ಮರ್ಯಾದೆಯನ್ನು ತಿಂದೇ ತಾನು ಕೊಬ್ಬಿದ್ದು. ಇವನು ಒಂದೇ ಒಂದು ಸಲ ಎದುರು ಮಾತಾಡಿದ್ದರೆ, 'ನೀವು ಎಲ್ಲಿ ಅಳೆದ್ರಿ' ಅಂತ ಒಂದು ಮಾತು ಕೇಳಿದ್ದರೆ! ತಂಗಿ ತಂದ ಚೊಂಬನ್ನು ಮುಟ್ಟದೆ ಅವನು ನೇರ ನೀರಿನ ಅಂಚಿಗೆ ಹೋದ. ಅದೇ ಕಲ್ಲು. ಪಾಚಿ ಕಟ್ಟಿ, ನೆರೆಯ ಕೆಸರು ಮೆತ್ತಿ, ಅವತ್ತಿಗಿಂತ ಹೆಚ್ಚು ಜಾರುತ್ತಿತ್ತು. ಮೊಣಕಾಲೂರಿ ಕೂತು, ಉಳಿದಿದ್ದ ಗೂಡಿನ ಪಕ್ಕದಲ್ಲೇ ಎರಡನೆಯ ಸೀಸೆ ಮುಳುಗಿಸಿದ. ಬಲೆಯೊಳಗೆ ನೂರಾರು ಬಾಯಿಗಳು ನೀರಿನ ಮೇಲ್ಮೈಯನ್ನು ಕಚ್ಚಿ ಕಚ್ಚಿ ಬಿಡುತ್ತಿದ್ದವು, ಪಚಪಚ ಅಂತ ಸಣ್ಣ ಸದ್ದು. ಮೊದಲನೆಯ ದ್ರಾವಣ. ಎರಡನೆಯದು. ತಲೆಕೆಳಗು ಮಾಡಿದ. ಕಂದು ಬರಲಿ, ಸ್ವಲ್ಪವಾದರೂ ಬರಲಿ ಅಂತ ಮನಸ್ಸು ಅಮ್ಮನ ಪದ್ಯದ ಯಾವುದೋ ಸಾಲನ್ನು ಹಿಡಿದು ಜಗ್ಗುತ್ತಿತ್ತು. ಗಸಿ ಕಟ್ಟಿತು. ಒಡೆದ ಹಾಲಿನ ಹಾಗೆ ಬೆಳ್ಳಗೆ. ಇನ್ನೊಮ್ಮೆ ಅಲ್ಲಾಡಿಸಿದ. ಬಿಳಿ. ತರಬೇತಿಯಲ್ಲಿ ನೀರು ಕುದಿಸಿ ಆರಿಸಿ ತೋರಿಸಿದ್ದನ್ನು ಬಿಟ್ಟರೆ ಆ ಬಿಳಿಯನ್ನು ಅವನು ಕಂಡೇ ಇರಲಿಲ್ಲ.

"ಏನು ಭಾವ ಇದು, ಹಾಲಿನ ಥರಾ?"

"ಉಸಿರಿಲ್ಲ ಅಂತ" ಅಂದ. ದನಿ ಅವನದಾಗಿರಲಿಲ್ಲ. "ಈ ನೀರಲ್ಲಿ ಉಸಿರೇ ಇಲ್ಲ. ನೆರೆ ನೀರು ತಂದ ಕೊಳೆ ಎಲ್ಲಾ ಕುಡಿದುಬಿಟ್ಟಿದೆ. ನಿನ್ನ ಮೇವು ಅಲ್ಲ. ಕೇಳಿಸ್ತಾ? ನೀನು ಹಾಕಿದ ಮೇವು ಅಲ್ಲ." ಚೀಲದಿಂದ ಕಂದು ಸೀಸೆ ತೆಗೆದು ಪಕ್ಕದಲ್ಲಿಟ್ಟ. ಎರಡೂ ಬಿಸಿಲಿಗೆ ಹೊಳೆಯುತ್ತಾ ಕಲ್ಲಿನ ಮೇಲೆ ನಿಂತವು. ದೋಣಿಯವನೂ ಬ್ರಶ್ಶು ಕೆಳಗಿಟ್ಟು ಹತ್ತಿರ ಬಂದ. ತಂಗಿ ಬಗ್ಗಿ ಒಂದನ್ನು ನೋಡಿ ಇನ್ನೊಂದನ್ನು ನೋಡಿದಳು.

"ಮತ್ತೆ ಅವತ್ತು ಆರು ಅಂದ್ಯಲ್ಲ ಅಣ್ಣ?"

"ಅದು ಇದು. ಒಡ್ಡಿನ ಕೆಳಗಿಂದು."

"ನಮ್ಮ ಗೂಡು ಒಡ್ಡಿನ ಮೇಲಿರೋದು ನಿನಗೆ ಗೊತ್ತಿರಲಿಲ್ವಾ?"

ಉದ್ದನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಅದೇ ತಂಗಿ. "ಗೊತ್ತಿತ್ತು" ಅಂದ. ಅಲ್ಲಿ ನಿಲ್ಲಿಸಿದ್ದರೆ ಆಗುತ್ತಿತ್ತು. ನಡುವೆ ಒಂದು ಗುಟುಕು ಗಾಳಿ ಎಳೆದುಕೊಳ್ಳುವ ಆಸೆಯಾಯಿತು. ಎಳೆದುಕೊಳ್ಳಲಿಲ್ಲ. "ಇಲ್ಲಿ ಬಿದ್ದಾಗ ಎಲ್ಲರೂ ನಕ್ಕರು ಅಂತ ನಾನೇ ಜಾಗ ಕೆಳಗೆ ತರಿಸ್ಕೊಂಡೆ. ಇವತ್ತು ಬೆಳಿಗ್ಗೆ ಸಹಿ ಕೂಡ ಹಾಕಿ ಬಂದಿದೀನಿ. ನೀರು ಸರಿಯಾಗಿದೆ, ತಪ್ಪು ಇವನದು ಅಂತ. ಗೊತ್ತಿದ್ದೂ ಹಾಕಿದೆ."

ನೊಣಗಳ ಗುಂಯ್ ಮತ್ತು ಆ ಪಚಪಚ. ದೋಣಿಯವನು ತಂಗಿಯ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ತಂಗಿಯ ಗಂಡ ಬಿಳಿ ಸೀಸೆಯನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಹೊಡೆಯುತ್ತಾನೆ ಅಂತ ಅವನು ಕಾದ. ಹೊಡೆಯಲಿ ಅಂತ ಕಾದ. ತಂಗಿಯ ಗಂಡ ಸೀಸೆಯನ್ನು ಮೆಲ್ಲಗೆ, ಒಡೆಯದ ಹಾಗೆ, ಕಲ್ಲಿನ ಮೇಲಿಟ್ಟ. ಬೆನ್ನು ನೆಟ್ಟಗಾಗಿತ್ತು.

"ಕೆಳಗೆ ಉಸಿರಿದೆಯಾ?"

"ಇದೆ."

"ಈಗ್ಲೂ?"

"ಈಗ್ಲೇ ನೋಡಿ ಬಂದೆ."

"ಮತ್ತೆ ಏನು ಬಾಯಿ ಬಿಟ್ಕೊಂಡು ನಿಂತಿದೀಯಾ? ಇಳಿ ನೀರಿಗೆ. ಆ ಕಡೆ ಹಿಡಿ."

ಭಾವ ಇರಲಿಲ್ಲ. ನೀವು ಇರಲಿಲ್ಲ. ಒಂದು ಕ್ಷಣ ಅವನಿಗೆ ತನಗೇ ಹೇಳಿದ್ದು ಅಂತ ತಿಳಿಯಲಿಲ್ಲ. ಆಮೇಲೆ ಫೋನನ್ನು ಚೀಲಕ್ಕೆ ಹಾಕಿ, ಬೂಟು ಕೂಡ ಬಿಚ್ಚದೆ ಇಳಿದ. ಜಾರಿದ, ಸೊಂಟದವರೆಗೆ ಹೋದ, ಯಾರೂ ನಗಲಿಲ್ಲ, ಯಾರೂ ಕೈಯನ್ನೂ ಕೊಡಲಿಲ್ಲ. ದೋಣಿಯವನು ಎರಡು ದೊಡ್ಡ ಟಬ್ಬು, ಒಂದು ಕೈಗಾಡಿ ತಂದ. ಖಾಲಿ ಬಲೆಯೊಂದನ್ನು ತೊಳೆದು ಮೊದಲು ಕೆಳಗೆ ಸಾಗಿಸಿದರು, ಆಮೇಲೆ ಮೀನು. ಟಬ್ಬಿಗೆ ಇಪ್ಪತ್ತೋ ಮೂವತ್ತೋ. ದಾರಿಯುದ್ದಕ್ಕೂ ಟಬ್ಬಿನ ನೀರನ್ನು ಅಂಗೈಯಿಂದ ಬಡಿಯುತ್ತಲೇ ಇರಬೇಕು, ಬಡಿದು ಬಡಿದು ಗಾಳಿ ತುಂಬಬೇಕು, ಇಲ್ಲದಿದ್ದರೆ ನಾನೂರು ಹೆಜ್ಜೆ ಮುಗಿಯುವುದರೊಳಗೆ ಅವೂ ಹೊಟ್ಟೆ ಮೇಲೆ ಮಾಡುತ್ತವೆ. "ಬಡಿ ಅಣ್ಣ, ನಿಲ್ಲಿಸ್ಬೇಡ" ಅಂದಳು ತಂಗಿ, ಗಾಡಿಯ ಆಚೆ ಬದಿಯಲ್ಲಿ ತಾನೂ ಬಡಿಯುತ್ತಾ. ಅವನು ಬಡಿದ. ಸಾಹೇಬರ ಮೃದು ದನಿಯನ್ನು ಬಡಿದ, ಕುರ್ಚಿಯನ್ನು ಬಡಿದ, ಥ್ಯಾಂಕ್ಯೂ ಅಂದ ಬಾಯನ್ನು ಬಡಿದ, ದುಂಡು ಅಕ್ಷರಗಳನ್ನು, ನಕ್ಕ ಹದಿನೈದು ಜನರನ್ನು, ಅವರಿಗೆ ಹೆದರಿದ ಇಪ್ಪತ್ತಾರು ವರ್ಷದ ಹೊಸ ಬೂಟಿನವನನ್ನು. ಅಂಗೈ ಕೆಂಪಾಗಿ ಮರಗಟ್ಟಿತು. ಅವನ ಕೋಪ ಒಂದು ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಮೂರನೆಯ ಸುತ್ತಿನಲ್ಲಿ ಒಂದಿಷ್ಟು ಮೀನು ಕೈಯಲ್ಲೇ ಸತ್ತವು. ಅವನ್ನು ತಂಗಿಯ ಗಂಡ ಒಂದೊಂದಾಗಿ ಎತ್ತಿ, ಅವನ ಮುಖ ನೋಡದೆ, ದಡಕ್ಕೆ ಎಸೆದ.

ಬಿಸಿಲು ಇಳಿಯುವ ಹೊತ್ತಿಗೆ ಏಳು ಸುತ್ತಾಗಿತ್ತು. ನೊರೆಯ ಅಂಚಿನಲ್ಲಿ ಬಲೆ ಇಳಿಬಿಟ್ಟು, ಅದರ ಬಾಯಿಯನ್ನು ಹಿಡಿದು ನಿಲ್ಲಿಸಲು ಹಗ್ಗ ಕಟ್ಟಬೇಕಿತ್ತು. ಒಂದು ತುದಿಗೆ ಮೆಟ್ಟಿಲ ಸರಳು ಸಿಕ್ಕಿತು. ಇನ್ನೊಂದು ತುದಿಗೆ ಸುತ್ತ ಏನೂ ಇರಲಿಲ್ಲ, ಫಲಕದ ಕಂಬ ಬಿಟ್ಟರೆ. ದೋಣಿಯವನು ನಿಷೇಧಿಸಲಾಗಿದೆ ಅನ್ನುವುದನ್ನು ಕೂಡಿಸಿ ಕೂಡಿಸಿ ಓದಿ, "ಸಾಹೇಬ್ರೇ, ಇಲ್ಲಿ ಬಟ್ಟೆ ಒಗೆದ್ರೇ ಕೇಸು ಅಂತಿದ್ರಿ" ಅಂದ. ಅವನು ಕತ್ತಿನವರೆಗೆ ನೀರಿನಲ್ಲಿ ನಿಂತು ಬಲೆಯ ಅಡಿ ಹಿಡಿದಿದ್ದ. ಮೆಟ್ಟಿಲ ಮೇಲೆ, ಚೀಲದ ಪಕ್ಕದಲ್ಲಿ ಬಿಟ್ಟಿದ್ದ ಫೋನು ಅದುರುತ್ತಿತ್ತು. ತಂಗಿ ಎತ್ತಿ, ಕೆಳಗಿನ ಮೆಟ್ಟಿಲಿಗಿಳಿದು ಬಗ್ಗಿ, ಒದ್ದೆ ಕೈಯಲ್ಲೇ ಅವನ ಕಿವಿಗೆ ಹಿಡಿದಳು.

"ಎಲ್ಲಿದೀರಿ?" ಸಾಹೇಬರು. "ಇವತ್ತಿನ ಅಂಕಿ ಬರ್ಲೇ ಇಲ್ವಲ್ಲ. ಏನದು ನೀರಿನ ಸದ್ದು?"

"ಅಂಕಿ ಎರಡಿದೆ ಸಾರ್. ಬರ್ಕೊಳ್ಳಿ."

"ಎರಡು ಯಾಕ್ರೀ? ನಮ್ಮ ಜಾಗ ಒಂದೇ."

"ಒಡ್ಡಿನ ಮೇಲೆ ಸೊನ್ನೆ. ಸೀಸೆ ಇಟ್ಟಿದೀನಿ, ನಾಳೆ ನಿಮ್ಮ ಮೇಜಿನ ಮೇಲೆ ತಂದಿಡ್ತೀನಿ. ಬೆಳಿಗ್ಗೆ ಹಾಕಿದ ಸಹಿ ಸುಳ್ಳು ಅಂತ ಬರೆದು ಅದಕ್ಕೂ ಸಹಿ ಹಾಕ್ತೀನಿ. ಇನ್ನೊಂದು..."

"ಮಾತು ಆಮೇಲೆ" ಅಂದ ತಂಗಿಯ ಗಂಡ. ಹಗ್ಗವನ್ನು ಫಲಕದ ಕಂಬಕ್ಕೆ ಎರಡು ಸುತ್ತು ಸುತ್ತಿ, ಮಂಡಿ ಕೊಟ್ಟು ಬಿಗಿಯುತ್ತಿದ್ದ. "ಈ ಕಂಬ ತಡೆಯುತ್ತೇನು? ನೆಡಿಸಿದೋನು ನೀನು, ಹೇಳು."

ಫೋನಿನೊಳಗೆ ಸಾಹೇಬರು ಇನ್ನೂ ಏನೋ ಕೇಳುತ್ತಿದ್ದರು. ಬಲೆಯೊಳಗೆ ಮೀನುಗಳು ಒಂದೊಂದಾಗಿ ಬಾಯಿ ಮುಚ್ಚಿ ಕೆಳಕ್ಕೆ ಇಳಿಯತೊಡಗಿದ್ದವು, ಅವನ ಮರಗಟ್ಟಿದ ಅಂಗೈಗಳನ್ನು ಸವರಿಕೊಂಡು.

"ತಡೆಯುತ್ತೆ" ಅಂದ. "ಎಳಿ."